ಬ್ಯಾಟರಿ ರೂಮು ಮೊದಲು

ಕರೆಂಟು ಹೋದಾಗ ಎಲ್ಲರಿಗೂ ನೆನಪಾಗುವುದು ಲೈನ್‌ಮನ್. ಮಳೆಯಲ್ಲೂ ಕಂಬ ಹತ್ತುವ ಅವರಿಗೆ ನನ್ನದೂ ನಮಸ್ಕಾರ. ಆದರೆ ಸಬ್‌ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ ಚಿಕ್ಕ ಪೆಟ್ಟಿಗೆಯೊಂದು ಹಗಲಿರುಳು ಲೈನು ಕಾಯುತ್ತಿರುತ್ತದೆ: ಪ್ರೊಟೆಕ್ಷನ್ ರಿಲೇ. ನಮ್ಮ ತಂಡದ ಕೆಲಸವೆಲ್ಲ ಅದರ ಸುತ್ತಲೇ.

220 ಕೆ.ವಿ. ಲೈನಿನ ಮೇಲೆ ಮರ ಬಿತ್ತು ಅನ್ನಿ. ನಮ್ಮ ಕರೆಂಟಿನ ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್. ಹೆಚ್ಚುಕಡಿಮೆ ಅಷ್ಟರಲ್ಲೇ ರಿಲೇ ವೋಲ್ಟೇಜು, ಕರೆಂಟು ಎರಡನ್ನೂ ಅಳೆದು, ಫಾಲ್ಟ್ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಿ, ಬ್ರೇಕರಿಗೆ ಟ್ರಿಪ್ ಕಮಾಂಡ್ ಕೊಡಬೇಕು. ತಡವಾದರೆ ಟ್ರಾನ್ಸ್‌ಫಾರ್ಮರ್ ಸುಟ್ಟೀತು, ಜೀವವೂ ಹೋದೀತು. ಸುಮ್ಮಸುಮ್ಮನೆ ಟ್ರಿಪ್ ಆದರೆ ಊರೂರೇ ಕತ್ತಲು. ಯಾವುದು ಕೆಟ್ಟದ್ದು ಎಂದರೆ ತಡವೇ ಅನ್ನುತ್ತೇನೆ. ಹೋದ ಕರೆಂಟನ್ನು ಮತ್ತೆ ಕೊಡಬಹುದು, ಹೋದ ಜೀವವನ್ನಲ್ಲ.

ಅದಕ್ಕೇ ಹೊಸದಾಗಿ ಬಂದ ಹುಡುಗ ಹುಡುಗಿಯರನ್ನು ಮೊದಲು ಕರೆದೊಯ್ಯುವುದು ಬ್ಯಾಟರಿ ರೂಮಿಗೆ. ಇಡೀ ಸ್ಟೇಷನ್ನಿಗೆ ಸಪ್ಲೈ ಇಲ್ಲದಿದ್ದರೂ ಬ್ರೇಕರನ್ನು ತೆರೆಯುವ ಟ್ರಿಪ್ ಕಾಯಿಲಿಗೆ ಬ್ಯಾಟರಿಯ ಡಿ.ಸಿ. ಬೇಕೇ ಬೇಕು. ರಿಲೇ ಎಷ್ಟೇ ದುಬಾರಿಯದಿರಲಿ, ಸೆಲ್ಲಿನ ಟರ್ಮಿನಲ್‌ಗೆ ಕಿಲುಬು ಹಿಡಿದಿದ್ದರೆ ಅದು ಕೊಟ್ಟ ಕಮಾಂಡ್ ಬ್ರೇಕರಿಗೆ ತಲುಪುವುದೇ ಇಲ್ಲ. ಮಳೆಗಾಲಕ್ಕೆ ಮುಂಚೆ ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ನಾನೇ ಎದುರು ನಿಂತು ಅಳೆಸುತ್ತೇನೆ.