ನಾಂದಣಿಯಿಂದ ನೋಂದಣಿಗೆ



ಧರ್ಮಕೇಂದ್ರದ ಗುರುವಿನ ಮೇಜಿನ ಮೇಲೆ ಎರಡು ವಸ್ತುಗಳು ಸದಾ ಇರುತ್ತವೆ: ಒಂದು ಮೊಹರು, ಇನ್ನೊಂದು ಲೆಟರ್‌ಹೆಡ್. ಶಾಲೆಗೆ, ಹಾಸ್ಟೆಲ್‌ಗೆ, ನೌಕರಿಗೆ, ಎಲ್ಲದಕ್ಕೂ ಜನ ನಮ್ಮಿಂದ ಒಂದು ಚೀಟಿ ಬರೆಸಿಕೊಂಡು ಹೋಗುತ್ತಾರೆ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಬೇರೆಯವರ ಬಾಳಿನಲ್ಲಿ ಎಷ್ಟು ವರ್ಷವಾಗಬಹುದು ಎಂಬುದನ್ನು ನಾನು ತಡವಾಗಿ ಕಲಿತೆ.

2025ರ ಜೂನ್ ತಿಂಗಳಲ್ಲಿ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದರು. ಊರು ನಾಂದಣಿ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನಲ್ಲಿ ಜಯಸಿಂಗಪುರದ ಹತ್ತಿರವಿರುವ ಈ ಊರು ಜೈನ ಮಠಕ್ಕೆ ಹೆಸರಾದದ್ದು. ಅವರು ಬಂದು ಹೋದ ಮುಂದಿನ ತಿಂಗಳೇ ಮಠದ ಆನೆಯನ್ನು ಜಾಮನಗರಕ್ಕೆ ಸಾಗಿಸಿದ ಸುದ್ದಿಯಿಂದ ಊರಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ತಾಯಿ ನಮ್ಮ ಸಿಸ್ಟರ್‌ಗಳ ದವಾಖಾನೆಗೆ ಮಂಡಿನೋವು ತೋರಿಸಲು ಬರುವವರು. ಗಂಡ ಇಚಲಕರಂಜಿಯಲ್ಲಿ ಪವರ್‌ಲೂಮ್ ಕಾರ್ಮಿಕ. ಮನೆಮಾತು ಕನ್ನಡ, ಮಗಳು ಕಲಿತದ್ದು ಮರಾಠಿ ಶಾಲೆಯಲ್ಲಿ.

"ಫಾದರ್, ಹುಡುಗಿನ್ನ ನರ್ಸ್ ಕೋರ್ಸಿಗೆ ಹಚ್ಚಬೇಕಂತ ಮಾಡೇವ್ರಿ. ಒಂದ ವರ್ಷದಾಗ ಮುಗೀತೈತಂತ. ನಿಮ್ಮದೊಂದು ಚೀಟಿ ಇದ್ರ ಫೀ ಕಡಿಮಿ ಮಾಡ್ತಾರಂತ್ರಿ" ಎಂದು ಆಕೆ ಒಂದು ಬಣ್ಣದ ಕರಪತ್ರವನ್ನು ಮುಂದಿಟ್ಟರು. ಬಿಳಿ ಸಮವಸ್ತ್ರದ ಹುಡುಗಿಯ ಚಿತ್ರ, ಕೆಳಗೆ 'ನೌಕರಿ ಖಾತ್ರಿ' ಎಂಬ ದಪ್ಪ ಅಕ್ಷರ.

ನಾನು ಪೆನ್ನು ತೆಗೆದವನು ಹಾಗೆಯೇ ಕುಳಿತೆ. ಅಂಥದೇ ಕರಪತ್ರವನ್ನು ನಾನು ಮೊದಲೂ ನೋಡಿದ್ದೆ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಆಗ ನಾನು ಹೊಸದಾಗಿ ಧರ್ಮಕೇಂದ್ರದ ಹೊಣೆ ಹೊತ್ತಿದ್ದೆ. ಸೆಮಿನರಿಯಲ್ಲಿ ತತ್ವಶಾಸ್ತ್ರ ಕಲಿತಿದ್ದೆ, ದೈವಶಾಸ್ತ್ರ ಕಲಿತಿದ್ದೆ. ಹಳ್ಳಿಯ ಹುಡುಗಿ ನರ್ಸ್ ಆಗಲು ಏನು ಓದಬೇಕು ಎಂಬುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಪಿಯುಸಿ ಕಲಾ ವಿಭಾಗ ಪಾಸಾದ ಒಬ್ಬ ಹುಡುಗಿ ಬಂದು, ಒಂದು ಸಂಸ್ಥೆಯ ಒಂದು ವರ್ಷದ ನರ್ಸಿಂಗ್ ಡಿಪ್ಲೊಮಾಕ್ಕೆ ಸೇರಲೇ ಎಂದು ಕೇಳಿದಳು. ಕರಪತ್ರದಲ್ಲಿ 'ಕಮ್ಯುನಿಟಿ ಕಾಲೇಜು' ಎಂದು ಬರೆದಿತ್ತು.

ಆ ಹೆಸರು ನನಗೆ ಪರಿಚಿತವಾಗಿತ್ತು. ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರ ಮಗಳು ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಎರಡೇ ವರ್ಷ ಓದಿ ನರ್ಸ್ ಆಗಿದ್ದಳು. ಅದು ನಿಜವೇ. ಅಲ್ಲಿ ಮಿಲ್ಡ್ರೆಡ್ ಮೊಂಟಾಗ್ ಎಂಬ ಶಿಕ್ಷಕಿಯ ಯೋಜನೆಯಂತೆ 1952ರಲ್ಲಿ ಎರಡು ವರ್ಷದ ನರ್ಸಿಂಗ್ ಪದವಿ ಪ್ರಯೋಗವಾಗಿ ಆರಂಭವಾಯಿತು. ನರ್ಸಿಂಗ್ ಕೋರ್ಸಿಗೆ ಸೇರುವ ಮೊದಲು ಬಹಳ ಕಡೆ ಅಂಗರಚನಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಇಂಗ್ಲಿಷ್ ಮುಂತಾದ ವಿಷಯಗಳನ್ನು ಮುಗಿಸಿರಬೇಕು, ಪ್ರವೇಶ ಪರೀಕ್ಷೆಯೂ ಉಂಟು. ಓದು ಮುಗಿದ ಮೇಲೆ ಸರ್ಕಾರದ ಲೈಸೆನ್ಸ್ ಪರೀಕ್ಷೆ ಬರೆಯಬೇಕು. ನಾಲ್ಕು ವರ್ಷ ಓದಿದವರಿಗೂ ಅದೇ ಪರೀಕ್ಷೆ, ಅದೇ ಲೈಸೆನ್ಸ್.

ನಮ್ಮ ದೇಶದಲ್ಲೂ ಕಮ್ಯುನಿಟಿ ಕಾಲೇಜುಗಳು ಬಂದವು. 1995ರಲ್ಲಿ ಪುದುಚೇರಿಯಲ್ಲಿ ಮೊದಲನೆಯದು, ಮರುವರ್ಷ ಚೆನ್ನೈಯಲ್ಲಿ ಧರ್ಮಸಭೆಯ ಆಶ್ರಯದಲ್ಲಿ ಇನ್ನೊಂದು. ಯೇಸುಸಭೆಯ ಫಾದರ್ ಝೇವಿಯರ್ ಅಲ್ಫೋನ್ಸ್ ಅವರು ಈ ಚಳವಳಿಗೆ ಬಹಳ ದುಡಿದರು. ಓದು ಅರ್ಧಕ್ಕೆ ಬಿಟ್ಟ ಬಡ ಮಕ್ಕಳಿಗೆ ಕೈಗೊಂದು ಕಸುಬು ಕೊಡುವುದು ಅವುಗಳ ಉದ್ದೇಶ. ಅದು ಒಳ್ಳೆಯ ಕೆಲಸವೇ. ಆದರೆ ಅಂಥ ಕಡೆ ಕಲಿಸುವ ಒಂದು ವರ್ಷದ ಆರೋಗ್ಯ ಸಹಾಯಕಿಯ ಕೋರ್ಸಿನಿಂದ ಯಾರೂ ನೋಂದಾಯಿತ ನರ್ಸ್ ಆಗುವುದಿಲ್ಲ. ಹೆಸರು ಒಂದೇ, ಹೋಗುವ ದಾರಿ ಬೇರೆ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಸಹಿ ಹಾಕಿ, ಮೊಹರು ಒತ್ತಿ, ತಲೆ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳಿಸಿದೆ.

ವರ್ಷ ಕಳೆಯಿತು. ಹುಡುಗಿ ಚಿನ್ನದ ಬಣ್ಣದ ಅಂಚಿನ ಪ್ರಮಾಣಪತ್ರ ಹಿಡಿದು ಸ್ಟಾಫ್ ನರ್ಸ್ ಹುದ್ದೆಯ ಸಂದರ್ಶನಕ್ಕೆ ಹೋದಳು. ಅಲ್ಲಿ ಒಂದೇ ಪ್ರಶ್ನೆ: "ನಿಮ್ಮ ಕೌನ್ಸಿಲ್ ನೋಂದಣಿ ಸಂಖ್ಯೆ?" ಅವಳಲ್ಲಿ ಅದಿರಲಿಲ್ಲ, ಆ ಕೋರ್ಸಿನಿಂದ ಅದು ಎಂದೂ ಬರುವಂತಿರಲಿಲ್ಲ. ಕೊನೆಗೆ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದಳು. ಒಂದು ದಿನ ಪೂಜೆ ಮುಗಿದ ಮೇಲೆ ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು: "ನಿಮ್ಮ ಸಹಿ ನೋಡಿ ಅಪ್ಪ ಎಮ್ಮಿ ಮಾರಿದ್ದ ಫಾದರ್."

ಬೈದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಅವಳು ಬೈಯಲಿಲ್ಲ.

ಅಂದು ಸಂಜೆ ನಾನು ನರ್ಸ್ ಆಗಿರುವ ಸಿಸ್ಟರ್ ಒಬ್ಬರ ಮುಂದೆ ವಿದ್ಯಾರ್ಥಿಯಂತೆ ಕುಳಿತೆ. ಅವರು ಒಂದು ಹಾಳೆಯ ಮೇಲೆ ಏಣಿಯ ಚಿತ್ರ ಬರೆದರು. ಮೊದಲ ಮೆಟ್ಟಿಲು ಎಎನ್‌ಎಂ, ಎರಡು ವರ್ಷ. ಹನ್ನೆರಡನೆಯ ತರಗತಿ ಪಾಸಾಗಿರಬೇಕು, ಕಲಾ ವಿಭಾಗವಾದರೂ ನಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ, ಬಾಣಂತಿಯರನ್ನು ನೋಡುವ ಅಕ್ಕಂದಿರು ಇದನ್ನು ಓದಿದವರು. ಎರಡನೆಯದು ಜಿಎನ್‌ಎಂ, ಮೂರು ವರ್ಷ. ಇದಕ್ಕೂ ಯಾವ ವಿಭಾಗವಾದರೂ ಸರಿ, ಆದರೆ ಒಟ್ಟು ಅಂಕಗಳಲ್ಲೂ ಇಂಗ್ಲಿಷ್‌ನಲ್ಲೂ ಶೇಕಡ 40 ಬೇಕು. ಮೂರನೆಯದು ಬಿಎಸ್‌ಸಿ ನರ್ಸಿಂಗ್, ನಾಲ್ಕು ವರ್ಷ. ಇದಕ್ಕೆ ವಿಜ್ಞಾನ ವಿಭಾಗವೇ ಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಶೇಕಡ 45, ಇಂಗ್ಲಿಷ್‌ನಲ್ಲಿ ಪಾಸು. ಪರಿಶಿಷ್ಟ ಜಾತಿ, ಪಂಗಡದವರಿಗೆ ಅಂಕದಲ್ಲಿ ರಿಯಾಯಿತಿ ಉಂಟು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

"ಈ ಏಣಿಯ ಗುಣ ಏನು ಗೊತ್ತಾ ಫಾದರ್?" ಎಂದರು ಸಿಸ್ಟರ್. "ಒಂದು ಮೆಟ್ಟಿಲ ಮೇಲೆ ನಿಂತರೆ ಇನ್ನೊಂದಕ್ಕೆ ಕಾಲಿಡಬಹುದು. ನೋಂದಾಯಿತ ಎಎನ್‌ಎಂ ಜಿಎನ್‌ಎಂಗೆ ಹೋಗಬಹುದು. ಜಿಎನ್‌ಎಂ ಮುಗಿಸಿ ನೋಂದಾಯಿಸಿಕೊಂಡವಳು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ಮಾಡಬಹುದು. ಆಮೇಲೆ ಎಂಎಸ್‌ಸಿ. ನೀವು ಕಳಿಸಿದ ಕೋರ್ಸು ಈ ಏಣಿಯಲ್ಲೇ ಇಲ್ಲ. ಅದು ಪಕ್ಕದಲ್ಲಿಟ್ಟ ಸ್ಟೂಲು. ಹತ್ತಿದರೆ ಅಲ್ಲೇ ನಿಲ್ಲಬೇಕು."

ಕಲಾ ವಿಭಾಗ ಓದಿದ್ದ ಆ ಹುಡುಗಿಗೆ ಜಿಎನ್‌ಎಂ ಬಾಗಿಲು ತೆರೆದೇ ಇತ್ತು. ನಾನು ಅದನ್ನು ತೋರಿಸಲಿಲ್ಲ. ಬೇರೆ ಬಾಗಿಲಿಗೆ ಮೊಹರು ಒತ್ತಿದೆ.

ರೋಗಿಯ ಬಳಿ ಕುಳಿತು ಊಟ ಮಾಡಿಸುವ, ಮೈ ಒರೆಸುವ ಸಹಾಯಕಿಯರ ಸೇವೆ ಕಡಿಮೆಯದೆಂದು ನಾನು ಹೇಳುತ್ತಿಲ್ಲ. ಅದನ್ನೇ ಬಯಸಿ ಸೇರುವವರು ಸೇರಲಿ. ಸಹಾಯಕಿಯ ಕೋರ್ಸಿಗೆ ನರ್ಸಿಂಗ್ ಎಂದು ಹೆಸರಿಟ್ಟು ಬಡವರ ಹಣ ಪಡೆಯುವುದು ಮಾತ್ರ ಅನ್ಯಾಯ.

ಈಗ ಮತ್ತೆ ನಾಂದಣಿಯ ತಾಯಿಯ ಬಳಿಗೆ ಬರೋಣ. ನಾನು ಕರಪತ್ರವನ್ನು ಬದಿಗಿಟ್ಟು ಹೇಳಿದೆ: "ಅವ್ವಾ, ಚೀಟಿ ಆಮ್ಯಾಲ ಕೊಡ್ತೀನಿ. ಮೊದಲ ಒಂದು ಮಾತು ಕೇಳ್ಕೊಂಡು ಬರ್ರಿ. ಈ ಕೋರ್ಸ್ ಮುಗದ ಮ್ಯಾಲ ನರ್ಸಿಂಗ್ ಕೌನ್ಸಿಲ್‌ನಾಗ ಹುಡುಗಿ ಹೆಸರು ನೋಂದಣಿ ಆಗತೈತೇನು? ಆಗತೈತಿ ಅಂದ್ರ, ಅದನ್ನ ಕಾಗದದ ಮ್ಯಾಲ ಬರದ ಕೊಡ್ರಿ ಅನ್ರಿ."

ವಾರದ ನಂತರ ಬಂದರು. ಕಚೇರಿಯವರು ನಗುತ್ತಾ ಮಾತು ಹಾರಿಸಿದರಂತೆ. ಬರೆದು ಕೊಡಲಿಲ್ಲವಂತೆ.

ಹುಡುಗಿಯ ಅಂಕಪಟ್ಟಿ ನೋಡಿದೆ. ವಿಜ್ಞಾನ ವಿಭಾಗ, ಬಿಎಸ್‌ಸಿಗೆ ಸಾಕಾಗುವಷ್ಟು ಅಂಕ. ಆದರೆ ಮಹಾರಾಷ್ಟ್ರದಲ್ಲಿ ಬಿಎಸ್‌ಸಿ ನರ್ಸಿಂಗ್‌ಗೆ ರಾಜ್ಯದ ಸಿಇಟಿ ಬರೆಯಬೇಕು. ಕರ್ನಾಟಕದಲ್ಲೂ 2023ರಿಂದ ಪರೀಕ್ಷಾ ಪ್ರಾಧಿಕಾರದ ಸಿಇಟಿಯ ಮೂಲಕ ಸರ್ಕಾರಿ ಸೀಟು. ಜೂನ್ ಹೊತ್ತಿಗೆ ಎರಡೂ ಮುಗಿದಿದ್ದವು. ಈ ಸುದ್ದಿಯೇ ಆ ಮನೆಗೆ ತಲುಪಿರಲಿಲ್ಲ. ಕರಪತ್ರ ಮಾತ್ರ ಮನೆ ಬಾಗಿಲಿಗೆ ಬಂದಿತ್ತು! ನೋಡಿ, ಬೇಡದ್ದು ತಾನಾಗಿ ಬರುತ್ತದೆ, ಬೇಕಾದ್ದನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಇನ್ನೊಂದು ಸಂಗತಿಯೂ ಆಗಲೇ ತಿಳಿಯಿತು. ಕರ್ನಾಟಕದ ಹೊರಗಿರುವ ಕನ್ನಡಿಗರ ಮಕ್ಕಳಿಗೂ ಅಲ್ಲಿನ ಸರ್ಕಾರಿ ಸೀಟಿಗೆ ಅರ್ಹತೆಯ ದಾರಿಗಳಿವೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು ಭಾಗದ ತಾಲ್ಲೂಕುಗಳವರಿಗೆ ಗಡಿನಾಡ ಕನ್ನಡಿಗರೆಂಬ ವರ್ಗ ಇದೆ. ನಾಂದಣಿ ಇರುವ ಶಿರೋಳ ಆ ಪಟ್ಟಿಯಲ್ಲಿಲ್ಲ. ಅಂಥವರಿಗೆ ಹೊರನಾಡ ಕನ್ನಡಿಗರ ವರ್ಗ. ಎರಡಕ್ಕೂ ಒಂದು ಷರತ್ತು: ಮಾತೃಭಾಷೆ ಕನ್ನಡವೆಂದು ಹೇಳಿದರೆ ಸಾಲದು, ಪ್ರಾಧಿಕಾರ ನಡೆಸುವ ಕನ್ನಡ ಪರೀಕ್ಷೆಯಲ್ಲಿ ಅದನ್ನು ತೋರಿಸಬೇಕು. ಆಯಾ ವರ್ಷದ ಕೈಪಿಡಿಯಲ್ಲಿ ಈ ನಿಯಮಗಳನ್ನು ಓದಿ ನೋಡಬೇಕು.

"ಕನ್ನಡ ಓದಾಕ ಬರತೈತೇನವ್ವಾ?" ಎಂದೆ. ಹುಡುಗಿ ತಲೆ ತಗ್ಗಿಸಿದಳು. "ಮಾತಾಡಾಕ ಅಷ್ಟ ಬರತೈತ್ರಿ."

ನಾನು ಹತ್ತು ವರ್ಷದ ಹಿಂದಿನ ಹುಡುಗಿಗೆ ಹೇಳಿ ಕಳಿಸಿದೆ. ಈಗ ಅವಳು ಒಂದು ಮಗುವಿನ ತಾಯಿ, ಇನ್ನೂ ಅದೇ ವಾರ್ಡಿನ ಕೆಲಸ. ನನಗೆ ಸಂಕೋಚವಿತ್ತು. ಆದರೆ ಈ ಮಾತನ್ನು ನನಗಿಂತ ಅವಳು ಹೇಳುವುದೇ ಸರಿ ಎನಿಸಿತು. ಅವಳು ಬಂದು ತಾಯಿ ಮಗಳ ಜೊತೆ ಕುಳಿತು ಎಲ್ಲವನ್ನೂ ಹೇಳಿದಳು. ಎಮ್ಮೆ ಮಾರಿದ್ದನ್ನೂ ಹೇಳಿದಳು. ನಾನು ಅಲ್ಲೇ ಇದ್ದೆ. ಅವಳ ಮುಂದೆ, ಅವರಿಬ್ಬರ ಮುಂದೆ, ಅಂದು ಕೇಳದಿದ್ದ ಕ್ಷಮೆಯನ್ನು ಕೇಳಿದೆ.

ಮನೆಯಲ್ಲಿ ಚರ್ಚೆ ನಡೆಯಿತು. ತಂದೆಗೆ ನಾಲ್ಕು ವರ್ಷ ಬಹಳ ದೂರ ಕಂಡಿತು, ಕೆಳಗೆ ಇನ್ನೊಬ್ಬ ಮಗನಿದ್ದಾನೆ. ಕರ್ನಾಟಕದ ಜಿಎನ್‌ಎಂ ಶಾಲೆಗಳಲ್ಲಿ ಆ ವರ್ಷವೇ ಸೀಟು ಕೇಳಬಹುದಿತ್ತು. ಆದರೆ ಹುಡುಗಿಯೇ ತೀರ್ಮಾನಿಸಿದಳು: "ಒಂದ ವರ್ಷ ಕಾಯ್ತೀನಿ. ಎರಡೂ ಕಡೆ ಸಿಇಟಿ ಬರೀತೀನಿ. ಸಿಗದಿದ್ರ ಜಿಎನ್‌ಎಂ. ಆ ಕರಪತ್ರದ್ದು ಮಾತ್ರ ಬ್ಯಾಡ."

ಅಂದಿನಿಂದ ಭಾನುವಾರ ಮಧ್ಯಾಹ್ನ ಅವಳು ಸಿಸ್ಟರ್‌ಗಳ ಮನೆಗೆ ಬಂದು ಕನ್ನಡ ಕಲಿಯತೊಡಗಿದಳು. ಮರಾಠಿ ಬಲ್ಲವರಿಗೆ ವರ್ಣಮಾಲೆಯ ಕ್ರಮ ಗೊತ್ತೇ ಇರುತ್ತದೆ, ಅಕ್ಷರದ ರೂಪ ಮಾತ್ರ ಹೊಸದು. ಒತ್ತಕ್ಷರಗಳು ಸ್ವಲ್ಪ ಕಾಡಿದವು. ಈ ಪತ್ರಿಕೆಯ ಹಳೆಯ ಸಂಚಿಕೆಗಳೇ ಅವಳ ಪಠ್ಯಪುಸ್ತಕ. ಒಂದು ದಿನ ತನ್ನ ಊರ ಹೆಸರು ಬರೆದು ತೋರಿಸಿದಳು: ನಾಂದಣಿ. ಸಿಸ್ಟರ್ ಮೊದಲ ಅಕ್ಷರವನ್ನಷ್ಟೇ ತಿದ್ದಿ ಪಕ್ಕದಲ್ಲಿ ಬರೆದರು: ನೋಂದಣಿ. "ನೀ ಇಲ್ಲಿಂದ ಇಲ್ಲೀತನಕ ಹೋಗಬೇಕು ನೋಡು" ಎಂದರು. ಎಲ್ಲರೂ ನಕ್ಕೆವು.

ಈ ಕಲಿಕೆ ಬರೀ ಪರೀಕ್ಷೆಗಾಗಿ ಅಲ್ಲ. ನಾಂದಣಿಯವರಿಗೆ ದೊಡ್ಡ ದವಾಖಾನೆ ಎಂದರೆ ಮಿರಜ. 1894ರಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ ಎಂಬ ಪ್ರೆಸ್ಬಿಟೇರಿಯನ್ ಮಿಷನರಿ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಅಥಣಿ, ರಾಯಬಾಗ, ವಿಜಯಪುರ ಕಡೆಯ ಕನ್ನಡಿಗರೂ ರೋಗಿಗಳನ್ನು ಹೊತ್ತುಕೊಂಡು ಮಿರಜಕ್ಕೆ ಹೋದವರೇ. ರಾತ್ರಿ ಎರಡು ಗಂಟೆಗೆ ನೋವು ತಾಳಲಾರದ ಅಜ್ಜಿ "ಯವ್ವಾ" ಎಂದು ನರಳಿದಾಗ, ಹಾಸಿಗೆಯ ಪಕ್ಕದಲ್ಲಿ "ಏನಾತಬೇ ಆಯಿ?" ಎಂದು ಕೇಳುವ ನರ್ಸ್ ಇದ್ದರೆ ಅರ್ಧ ನೋವು ಇಳಿಯುತ್ತದೆ. ಕನ್ನಡ, ಮರಾಠಿ ಎರಡೂ ಬಲ್ಲ ನರ್ಸ್ ಗಡಿಭಾಗಕ್ಕೆ ದೊಡ್ಡ ವರ.

ಪ್ರಿಯ ಪಾಲಕರೇ, ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ ದೃಷ್ಟಾಂತ ನಿಮಗೆ ಗೊತ್ತು. ಮಗಳನ್ನು ಕೋರ್ಸಿಗೆ ಸೇರಿಸುವ ಮುನ್ನ ಹಾಗೆ ಕುಳಿತು ನೋಡಿ. ಆ ಸಂಸ್ಥೆಯ ಹೆಸರು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿದೆಯೇ? ಡಿಪ್ಲೊಮಾ ಪರೀಕ್ಷೆಯನ್ನು ಯಾವ ಮಂಡಳಿ, ಪದವಿ ಪರೀಕ್ಷೆಯನ್ನು ಯಾವ ವಿಶ್ವವಿದ್ಯಾಲಯ ನಡೆಸುತ್ತದೆ? ಕಲಿಯಲು ರೋಗಿಗಳಿರುವ ನಿಜವಾದ ಆಸ್ಪತ್ರೆ ಇದೆಯೇ? ಒಂದು ರಾಜ್ಯದಲ್ಲಿ ಓದಿ ಇನ್ನೊಂದು ರಾಜ್ಯದಲ್ಲಿ ದುಡಿಯುವುದಾದರೆ ನೋಂದಣಿಯನ್ನು ಅಲ್ಲಿಗೆ ಒಯ್ಯುವ ಕ್ರಮ ಏನು? ನರ್ಸಿಂಗ್ ಕೌನ್ಸಿಲ್‌ನ 1947ರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ಆಯೋಗದ ಹೊಸ ಕಾಯ್ದೆ ಮಾಡಿತು. ಕಾಯ್ದೆ ಯಾವುದೇ ಇರಲಿ, ನೀವು ಕೇಳಬೇಕಾದ ಮೊದಲ ಪ್ರಶ್ನೆ ಅದೇ: ಕೊನೆಗೆ ನನ್ನ ಮಗಳ ಹೆಸರು ನೋಂದಣಿ ಪುಸ್ತಕಕ್ಕೆ ಹತ್ತುತ್ತದೆಯೇ?

ನನ್ನ ಸಹೋದರ ಗುರುಗಳಿಗೂ ಒಂದು ವಿನಂತಿ. ಚೀಟಿ ಬರೆಯುವ ಮುನ್ನ ಕರಪತ್ರವನ್ನು ಪೂರ್ತಿ ಓದೋಣ. ತಿಳಿಯದಿದ್ದರೆ ತಿಳಿದವರನ್ನು ಕೇಳೋಣ. ನಮ್ಮ ಸಹಿಯನ್ನು ನಂಬಿ ಎಮ್ಮೆ ಮಾರುವವರಿದ್ದಾರೆ.

ಹೊರಡುವಾಗ ಆ ಹಳೆಯ ಹುಡುಗಿ ಬಾಗಿಲಲ್ಲಿ ನಿಂತು ಕೇಳಿದಳು: "ಫಾದರ್, ಜಿಎನ್‌ಎಂಗೆ ನನ್ನ ವಯಸ್ಸು ನಡೀತೈತೇನ್ರಿ ಇನ್ನ?" 35ರವರೆಗೆ ಅವಕಾಶ ಉಂಟು, ಅವಳಿಗಿನ್ನೂ 30 ತುಂಬಿಲ್ಲ. "ನಡೀತೈತವ್ವಾ" ಎಂದೆ.

ಅವಳ ಗಂಡನ ಜೊತೆ ಮಾತಾಡುವುದು ಬಾಕಿ ಇದೆ. ಈ ಸಲ ಬರೀ ಚೀಟಿ ಕೊಟ್ಟು ಕಳಿಸುವುದಿಲ್ಲ, ನಾನೇ ಅವರ ಮನೆಗೆ ಹೋಗುತ್ತೇನೆ.