ಎದುರು ಪಾತ್ರದ ಮಾತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳ ಕಾಲ ಸಮೀಪಿಸಿತೆಂದರೆ ಪೌರಾಣಿಕ ನಾಟಕಗಳ ತಾಲೀಮು ಆರಂಭವಾಗುತ್ತದೆ. ಹಗಲೆಲ್ಲ ಹೊಲದಲ್ಲಿಯೋ ಅಂಗಡಿಯಲ್ಲಿಯೋ ದುಡಿದ ತರುಣನು ರಾತ್ರಿ ಊಟ ಮುಗಿಸಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಬಂದು ಕುಳಿತುಕೊಳ್ಳುತ್ತಾನೆ. ಅವನಿಗೆ ಸಂಭಾವನೆಯಿಲ್ಲ; ವೇಷಭೂಷಣ, ಸೀನರಿಗಳ ಬಾಡಿಗೆಗೆ ತಾನೇ ಪಾಲು ಹಾಕುತ್ತಾನೆ. ಹಾಡು ಶ್ರುತಿಗೆ ಕೂಡಿದ ಕ್ಷಣ, ತಾಲೀಮಿನ ನಡುವೆ ಗೆಳೆಯರೊಡನೆ ಕುಡಿಯುವ ಚಹಾ, ಕಿರೀಟ ಧರಿಸಿ ಮೊದಲ ಬಾರಿ ಕನ್ನಡಿ ನೋಡಿಕೊಳ್ಳುವ ಸಂಭ್ರಮ, ಇವೇ ಅವನ ಸುಖಗಳು. ಕೈಯಿಂದ ಹಣ ಕೊಟ್ಟು ಇಷ್ಟರಲ್ಲಿಯೇ ತೃಪ್ತನಾಗುವವನ ಖರ್ಚನ್ನು ಯಾವ ಲೆಕ್ಕಿಗನೂ ನಷ್ಟದ ಬಾಬಿಗೆ ಬರೆಯಲಾರನು.

ಅವನ ಓದಾದರೋ ಬಹುಮಟ್ಟಿಗೆ ಒಂದು ನೋಟುಪುಸ್ತಕಕ್ಕೆ ಸೀಮಿತವಾದುದು. ಅದರಲ್ಲಿ ತನ್ನ ಪಾತ್ರದ ಮಾತು, ಪದ್ಯಗಳಿರುತ್ತವೆ. ಕೃಷ್ಣನು ಏಕೆ ಹಾಗೆ ನುಡಿದನೆಂಬುದನ್ನು ಯೋಚಿಸದೆಯೂ ದುರ್ಯೋಧನನ ಪಾತ್ರವನ್ನು ಒಪ್ಪಿಸಿಬಿಡಬಹುದು. ನಾಟಕವೇನೋ ಮುಗಿಯುತ್ತದೆ, ನಟನು ಮಾತ್ರ ಬೆಳೆಯುವುದಿಲ್ಲ.

ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿಗೆಲ್ಲ ಪರಿಚಯಿಸಿದರು. ಆ ಕಂಪನಿಯ ನಟರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜನ ಶಾಲಾಭ್ಯಾಸ ಬಾಲ್ಯದಲ್ಲಿಯೇ ನಿಂತುಹೋಯಿತು. ಕಂಪನಿಯ ಬಾಲಕರಿಗೆ ರಂಗದ ಬದಿಯೇ ಪಾಠಶಾಲೆ. ಅಲ್ಲಿ ನಿಂತವನ ಕಿವಿಗೆ ತನ್ನ ಮಾತಷ್ಟೇ ಅಲ್ಲ, ಎಲ್ಲರ ಮಾತೂ ಬೀಳುತ್ತದೆ. ಆ ಬಾಲಕನೇ 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜಕುಮಾರ್ ಎಂದು ಪ್ರಸಿದ್ಧರಾದರು. 1958ರ ‘ಭೂಕೈಲಾಸ’ದಲ್ಲಿ ರಾವಣನಾದವರು, 1977ರ ‘ಬಭ್ರುವಾಹನ’ದಲ್ಲಿ ಪರಸ್ಪರ ಕಾದಾಡುವ ತಂದೆ ಮಗ ಇಬ್ಬರ ಪಾತ್ರವನ್ನೂ ತಾವೇ ವಹಿಸಿದರು. ಎರಡು ಪಕ್ಷಗಳ ಮಾತನ್ನೂ ಸಮಾನ ಶ್ರದ್ಧೆಯಿಂದ ಆಲಿಸಿದವನಿಗಲ್ಲದೆ ಇದು ಸಾಧ್ಯವಾಗದು. ಗೃಹಸ್ಥನಿಗೆ ನಮ್ಮ ಹಿರಿಯರು ಕೊಟ್ಟ ‘ಶ್ರಾವಕ’ ಎಂಬ ಹೆಸರಿಗೂ ಕೇಳುವವನೆಂದೇ ಅರ್ಥವಲ್ಲವೆ?

ಆದರೆ ಇಂದಿನ ಹಳ್ಳಿಯ ತರುಣನಿಗೆ ಕಂಪನಿಯ ಆ ದೀರ್ಘ ಸಹವಾಸವಿಲ್ಲ. ಆ ಕೊರತೆಯನ್ನು ಗ್ರಂಥಗಳು ತುಂಬಬೇಕು. ಹತ್ತನೆಯ ಶತಮಾನದ ರನ್ನನು ‘ಗದಾಯುದ್ಧ’ದಲ್ಲಿ ಭೀಮನನ್ನು ನಾಯಕನನ್ನಾಗಿಸಿದರೂ ದುರ್ಯೋಧನನ ದುಃಖವನ್ನು ಮರೆಮಾಚಲಿಲ್ಲ. ರಣರಂಗದಲ್ಲಿ ಬಿದ್ದಿರುವ ತಮ್ಮನನ್ನೂ ಗೆಳೆಯ ಕರ್ಣನನ್ನೂ ಕಂಡು ಮರುಗುವ ಆ ರಾಜನನ್ನು ಒಮ್ಮೆ ಓದಿದ ನಟನು ಮೀಸೆ ತಿರುವಿ ಗರ್ಜಿಸಿದರೆ ಸಾಕೆಂದು ತಿಳಿಯಲಾರನು. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ಕವಿಯೂ ಈತನೇ. ಒಂದು ವಸ್ತುವನ್ನು ಹಲವು ನೆಲೆಗಳಿಂದ ನೋಡಬೇಕೆನ್ನುವ ಅನೇಕಾಂತವು ಕಾವ್ಯದಲ್ಲಿ ಹೀಗೆ ಕರುಣೆಯ ರೂಪ ತಾಳಿದೆ. ಸೋತವನಿಗೂ ಒಂದು ಹೃದಯವಿದೆಯೆಂದು ರಂಗದ ಮೇಲೆ ಅರಿತವನು ಊರಿನ ಜಗಳದಲ್ಲಿಯೂ, ಮನೆಯ ಪಾಲುವಿಚಾರದಲ್ಲಿಯೂ ಎದುರಿನವನ ಮಾತಿಗೆ ಕಿವಿಗೊಟ್ಟಾನು.

ಇಲ್ಲಿ ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ಕರ್ತವ್ಯವಿದೆ. ದಾನಿಗಳು ಕೊಟ್ಟ ಪಂಪ, ರನ್ನ, ಜನ್ನರ ಗ್ರಂಥಗಳು ಬೀರುವಿನೊಳಗೆ ಬೀಗ ಹಾಕಿಸಿಕೊಂಡಿದ್ದರೆ ಅವು ಗೆದ್ದಲಿಗೆ ಮಾತ್ರ ಉಪಯುಕ್ತ. ತಾಲೀಮಿನ ತಿಂಗಳುಗಳಲ್ಲಿ ವಾರಕ್ಕೊಂದು ಸಂಜೆ ಹಳಗನ್ನಡ ಬಲ್ಲ ಉಪಾಧ್ಯಾಯರೊಬ್ಬರನ್ನು ಕರೆಸಿ, ಗದ್ಯಾನುವಾದದೊಡನೆ ಒಂದೆರಡು ಪದ್ಯಗಳನ್ನು ಓದಿಸಿ, ಯಾವ ಜಾತಿಮತದ ತರುಣನಾದರೂ ಬಂದು ಕೇಳುವಂತೆ ಬಾಗಿಲು ತೆರೆದಿಡಬಹುದು. ಇದಕ್ಕೆ ಬೇಕಾದುದು ಒಂದು ಜಮಖಾನೆ, ಒಂದು ದೀಪ, ಅಷ್ಟೆ. ಶಾಸ್ತ್ರದಾನವೆಂದರೆ ಪುಸ್ತಕವನ್ನು ಅಚ್ಚು ಹಾಕಿಸುವುದರಲ್ಲಿ ಮುಗಿಯುವಂಥದಲ್ಲ. ಅದು ಓದುವವನ ಕೈ ಸೇರಿದಾಗಲೇ ದಾನವು ಪೂರ್ಣವಾಗುತ್ತದೆ.