ಮನೆಗೊಂದು ಎಸ್ಪ್ರೆಸೊ ಯಂತ್ರ

ಇಟಲಿ ಭಾಷೆಯ ‘ಎಸ್ಪ್ರೆಸೊ’ ಎಂಬ ಶಬ್ದಕ್ಕೆ ‘ಒತ್ತಿ ಹೊರತೆಗೆದದ್ದು’ ಎಂಬುದು ಮೂಲಾರ್ಥ. ಬಳಕೆಯಲ್ಲಿ ಇದಕ್ಕೆ ಇನ್ನೆರಡು ಅರ್ಥಛಾಯೆಗಳು ಕೂಡಿಕೊಂಡಿವೆ: ತ್ವರಿತವಾಗಿ ಸಿದ್ಧವಾದದ್ದು ಎಂಬುದೊಂದು, ಕೇಳಿದವರಿಗೆಂದೇ ಆಗಿಂದಾಗ ಮಾಡಿಕೊಟ್ಟದ್ದು ಎಂಬುದು ಮತ್ತೊಂದು. ಹೀಗೆ ಬಲ, ಕಾಲ, ವ್ಯಕ್ತಿ ಮೂರೂ ಒಂದೇ ಪದದಲ್ಲಿ ಅಡಗಿವೆ. ದಕ್ಷಿಣ ಭಾರತದ ಫಿಲ್ಟರ್ ಕಾಫಿಯ ಕ್ರಮ ಇದಕ್ಕೆ ತೀರ ವಿರುದ್ಧವಾದುದು. ಮೇಲಿನ ಪಾತ್ರೆಯಲ್ಲಿ ಪುಡಿ ಹಾಕಿ ಬಿಸಿನೀರು ಸುರಿದು ಮುಚ್ಚಿಟ್ಟರೆ ಮುಂದಿನ ಕೆಲಸವೆಲ್ಲ ನೀರಿನ ಸ್ವಂತ ಭಾರದ್ದು. ಅಲ್ಲಿ ಒತ್ತುವವರಿಲ್ಲ, ಅವಸರವಿಲ್ಲ. ಹನಿಹನಿಯಾಗಿ ಇಳಿದ ಡಿಕಾಕ್ಷನ್ ಮನೆಮಂದಿಗೆಲ್ಲ ಸಲ್ಲುತ್ತದೆ.

ಈ ಎರಡು ಕ್ರಮಗಳ ನಡುವೆ ಒಂದು ಸಂಬಂಧವಿದೆ. ಭಾರತದಿಂದ ಹೊರದೇಶಗಳಿಗೆ ಹೋಗುವ ಕಾಫಿಯನ್ನು ಅತಿ ಹೆಚ್ಚಾಗಿ ಕೊಳ್ಳುತ್ತಾ ಬಂದಿರುವ ದೇಶ ಇಟಲಿ. ಭಾರತದ ಕಾಫಿಯಲ್ಲಿ ಹತ್ತಕ್ಕೆ ಏಳು ಪಾಲು ಬೆಳೆಯುವುದು ಕರ್ನಾಟಕದ ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳಲ್ಲಿ. ಇಟಲಿಯ ಬಟ್ಟಲಿಗೆ ಇಲ್ಲಿಂದ ಹೋಗುವುದರಲ್ಲಿ ಬಹುಪಾಲು ರೋಬಸ್ಟಾ. ಆದರೆ ಅದನ್ನು ಬೆಳೆದವರಲ್ಲಿ ಹೆಚ್ಚಿನವರು ತಮ್ಮ ಬೀಜ ಆ ಬಟ್ಟಲಿನಲ್ಲಿ ಯಾವ ರೂಪ ತಾಳುತ್ತದೆಂಬುದನ್ನು ಕಂಡವರಲ್ಲ. ಇದಕ್ಕೆ ಚಾರಿತ್ರಿಕ ಕಾರಣವೂ ಇದೆ. 1942ರ ಕಾಫಿ ಕಾಯಿದೆಯ ಕಾಲದಿಂದ ಬೆಳೆಗಾರನು ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಅಲ್ಲಿ ಎಲ್ಲರ ಕಾಫಿಯೂ ಒಂದಾಗಿ, ಹರಾಜಾಗಿ, ಹಣ ಮಾತ್ರ ಕಂತುಗಳಲ್ಲಿ ಮರಳಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಿ, 1996ರ ವೇಳೆಗೆ ಮಾರಾಟ ಮುಕ್ತವಾಯಿತು. ಫಸಲಿನ ಮೇಲಿನ ಅಧಿಕಾರ ಬೆಳೆಗಾರನಿಗೆ ಮರಳಿತು. ಅದರ ರುಚಿಯ ಅರಿವು ಮಾತ್ರ ಅಷ್ಟು ಬೇಗ ಬರಲಿಲ್ಲ.

ಮೂಡಿಗೆರೆ ಸೀಮೆಯ ಒಬ್ಬ ಬೆಳೆಗಾರರ ಮನೆಯಲ್ಲಿ ಎಸ್ಪ್ರೆಸೊ ಯಂತ್ರದ ಮಾತು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಅವರದು ಆರು ಎಕರೆ ತೋಟ. ಬಹುಪಾಲು ರೋಬಸ್ಟಾ, ನಡುನಡುವೆ ಸಿಲ್ವರ್ ಮರಗಳಿಗೆ ಹಬ್ಬಿದ ಕಾಳುಮೆಣಸು. ಅರವತ್ತೆರಡು ವರ್ಷದ ಆ ಬೆಳೆಗಾರರು ನಲವತ್ತು ಫಸಲುಗಳನ್ನು ಕಂಡವರು. ಅವರ ಮನೆಯಲ್ಲಿ ದಿನಕ್ಕೆ ನಾಲ್ಕು ಬಾರಿ ಕಾಫಿಯಾಗುತ್ತದೆ. ಅದು ಪೇಟೆಯ ಅಂಗಡಿಯಿಂದ ತಂದ, ಚಿಕೋರಿ ಬೆರೆಸಿದ ಪುಡಿಯ ಕಾಫಿ. ತೋಟದ ಕಾಫಿ ಒಣಗಿ ಚೆರಿಯಾಗಿ, ಮೂಟೆ ಕಟ್ಟಿಸಿಕೊಂಡು ವ್ಯಾಪಾರಿಯ ಗೋದಾಮಿಗೆ ಹೋಗುತ್ತದೆ. ಐವತ್ತು ಕೆ.ಜಿ. ಚೆರಿಯಿಂದ ಎಷ್ಟು ಕೆ.ಜಿ. ಬೀಜ ಬಂತೆಂಬ ಔಟ್‌ಟರ್ನ್ ಲೆಕ್ಕದಲ್ಲಿ ಬೆಲೆ ನಿಗದಿಯಾಗುತ್ತದೆ. ಆ ಲೆಕ್ಕದಲ್ಲಿ ತೂಕವಿದೆ, ತೇವಾಂಶವಿದೆ; ನಾಲಗೆಗೆ ಸ್ಥಾನವಿಲ್ಲ.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ಒಮ್ಮೆ ರಜೆಗೆ ಬಂದಾಗ ಕೇಳಿದ: “ಅಪ್ಪ, ನಮ್ಮ ಕಾಫಿ ಹೇಗಿದೆ ಅಂತ ನಿಮಗೆ ಗೊತ್ತಾ?” ತಂದೆ ಔಟ್‌ಟರ್ನ್ ಎಷ್ಟೆಂದು ಹೇಳಿದರು. “ಅದಲ್ಲ, ಕುಡಿದರೆ ಹೇಗಿರುತ್ತೆ?” ಎಂಬ ಎರಡನೆಯ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಮನೆಗೊಂದು ಯಂತ್ರ ತರಿಸೋಣವೆಂದು ಮಗ ಹೇಳಿದ್ದು ಆಗಲೇ. ಆ ವರ್ಷ ಕೈಯಲ್ಲಿದ್ದದ್ದು ಅರವತ್ತು ಸಾವಿರ ರೂಪಾಯಿ. ಅದನ್ನು ಮಣ್ಣಿನ ಕಣಕ್ಕೆ ಸಿಮೆಂಟು ಹಾಕಿಸಲೆಂದು ಮನೆಯಾಕೆ ಎರಡು ವರ್ಷಗಳಿಂದ ಕೂಡಿಸಿಟ್ಟಿದ್ದರು. “ಕಾಫಿ ಒಣಗಿಸೋಕೆ ಸರಿಯಾದ ಕಣ ಇಲ್ಲ, ಕುಡಿಯೋಕೆ ಮೆಷಿನ್ ಬೇಕಾ ನಿಮಗೆ?” ಎಂದು ಆಕೆ ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಯಾವುದನ್ನೂ ತಿಳಿಯದೆ ಕೊಳ್ಳಬಾರದೆಂಬ ಸ್ವಭಾವದ ತಂದೆ, ಮಗನಿಂದ ಈ ಯಂತ್ರಗಳ ಪೂರ್ವೋತ್ತರವನ್ನೆಲ್ಲ ಕೇಳಿ ತಿಳಿದುಕೊಂಡರು. ಆ ಚರಿತ್ರೆ ಸ್ವಾರಸ್ಯಕರವಾದುದು. ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಬಲದಿಂದ ಕಾಫಿ ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಅದು ಒಂದೇ ಬಾರಿಗೆ ಬಹಳ ಜನಕ್ಕಾಗುವಷ್ಟು ಕಾಫಿ ಮಾಡುವಂಥದು. ಮಿಲಾನಿನ ಲುಯಿಜಿ ಬೆಜೆರಾ 1901ರಲ್ಲಿ ಒಂದೊಂದು ಬಟ್ಟಲಿಗೂ ಪ್ರತ್ಯೇಕವಾಗಿ ಪುಡಿ ತುಂಬುವ ಹಿಡಿಯನ್ನು ಅಳವಡಿಸಿದನು. ಅವನ ಪೇಟೆಂಟನ್ನು ಕೊಂಡ ಡೆಸಿಡೆರಿಯೊ ಪಾವೊನಿ 1905ರಿಂದ ಅದನ್ನು ತಯಾರಿಸಿ ಮಾರತೊಡಗಿದನು. ಈ ಯಂತ್ರಗಳಲ್ಲಿ ಒತ್ತಡ ಒಂದೂವರೆ ಬಾರ್‌ನಷ್ಟು ಮಾತ್ರ. ಹಬೆಯ ತಾಪಕ್ಕೆ ಪುಡಿ ಸೀದು ಕಾಫಿ ಕಹಿಯಾಗುತ್ತಿತ್ತು. ಅಕಿಲ್ಲೆ ಗಾಜಿಯಾ ಎಂಬಾತ ಹಬೆಯನ್ನು ಬಿಟ್ಟು ಬಿಸಿನೀರನ್ನೇ ಒತ್ತುವ ಉಪಾಯ ಹುಡುಕಿದನು. ಎರಡನೆಯ ಮಹಾಯುದ್ಧದ ಅನಂತರ ಬಂದ ಅವನ ಲಿವರ್ ಯಂತ್ರದಲ್ಲಿ ಒತ್ತಡ ಎಂಟು ಬಾರ್ ದಾಟಿತು. ಕಾಫಿಯ ಮೇಲೆ ಹೊಂಬಣ್ಣದ ನೊರೆಯ ಪದರ ಮೊದಲ ಬಾರಿಗೆ ಕಾಣಿಸಿತು. ಅದೇ ಕ್ರೆಮಾ. 1961ರ ಫಾಯೆಮಾ ಇ61 ಯಂತ್ರ ತೋಳಿನ ಕೆಲಸವನ್ನು ವಿದ್ಯುತ್ ಪಂಪಿಗೆ ವಹಿಸಿತು. ಈ ನಡುವೆ 1933ರಲ್ಲಿ ಅಲ್ಫೊನ್ಸೊ ಬಿಯಾಲೆಟ್ಟಿಯ ಹೆಸರಿನಲ್ಲಿ ಬಂದ ಅಲ್ಯೂಮಿನಿಯಂ ಮೋಕಾ ಪಾತ್ರೆ ಇಟಲಿಯ ಅಡುಗೆಮನೆಗಳನ್ನು ಹೊಕ್ಕಿತು. ಅದು ಒಲೆಯ ಮೇಲಿಡುವ ಪಾತ್ರೆ. ಅದರ ಒತ್ತಡ ಕಡಿಮೆಯಾದ್ದರಿಂದ ಅದರಲ್ಲಿ ಎಸ್ಪ್ರೆಸೊ ಆಗುವುದಿಲ್ಲ, ಗಟ್ಟಿ ಕಾಫಿ ಆಗುತ್ತದೆ.

ಇಟಲಿಯವರು ಎಸ್ಪ್ರೆಸೊಗೆ ಇಟ್ಟುಕೊಂಡಿರುವ ಅಳತೆ ಸುಮಾರಾಗಿ ಹೀಗಿದೆ: 7 ಗ್ರಾಂ ಪುಡಿ, 9 ಬಾರ್ ಒತ್ತಡ, 90 ಡಿಗ್ರಿಯ ಆಸುಪಾಸಿನ ನೀರು, 25 ಸೆಕೆಂಡು, ಬಟ್ಟಲಿಗೆ ಇಳಿಯುವ 25 ಮಿಲಿಲೀಟರ್ ಕಾಫಿ. ಇದನ್ನು ಸಾಧಿಸಿಕೊಡುವ ಯಾವ ಯಂತ್ರವಾದರೂ ಆದೀತು. ಜಾಹೀರಾತುಗಳಲ್ಲಿ ದೊಡ್ಡದಾಗಿ ಕಾಣುವ ‘15 ಬಾರ್’ ಎಂಬ ಅಂಕಿ ಪಂಪಿನ ಗರಿಷ್ಠ ಸಾಮರ್ಥ್ಯವಷ್ಟೆ; ಕಾಫಿಗೆ ಬೇಕಾದದ್ದು ಅದಕ್ಕಿಂತ ಕಡಿಮೆ. ಅಗ್ಗದ ಯಂತ್ರಗಳ ಜಾಲರಿಗೆ ಎರಡು ತಳಗಳಿರುತ್ತವೆ. ಒಳತಳದಲ್ಲಿ ಅನೇಕ ತೂತುಗಳು, ಹೊರತಳದಲ್ಲಿ ಒಂದೇ ಸಣ್ಣ ತೂತು. ಪುಡಿ ಹೇಗಿದ್ದರೂ ಆ ಒಂದು ತೂತಿನಿಂದ ಚಿಮ್ಮುವಾಗ ನೊರೆ ಏಳುತ್ತದೆ. ಅದು ಕಾಫಿಯ ಗುಣದಿಂದ ಹುಟ್ಟಿದ ನೊರೆಯಲ್ಲ. ಬೀಜದ ಗುಣವನ್ನು ತಿಳಿಯಬಯಸುವವರಿಗೆ ಅಂಥ ಜಾಲರಿ ಸುಳ್ಳುಸಾಕ್ಷಿ.

ಬಾಯ್ಲರಿನ ವಿಚಾರವೂ ಇದೆ. ಒಂದೇ ಬಾಯ್ಲರಿನ ಯಂತ್ರದಲ್ಲಿ ಕಾಫಿ ತೆಗೆದ ಮೇಲೆ, ಹಾಲು ನೊರೆಗಟ್ಟಿಸಲು ಬೇಕಾದ ಹಬೆಗಾಗಿ ತಾಪವೇರುವವರೆಗೆ ಕಾಯಬೇಕು. ಎರಡು ಬಾಯ್ಲರಿನದರಲ್ಲಿ ಎರಡೂ ಏಕಕಾಲಕ್ಕೆ ಆಗುತ್ತವೆ. ಅದರ ಬೆಲೆ ಲಕ್ಷ ರೂಪಾಯಿಗೂ ಮಿಕ್ಕಿತ್ತು. ಮಗನ ಮನಸ್ಸು ಅದರ ಮೇಲಿತ್ತು. ಮಲೆನಾಡಿನ ಮಳೆಗಾಲವನ್ನು ಬಲ್ಲ ತಂದೆ ಬೇರೆಯದೇ ಪ್ರಶ್ನೆ ಎತ್ತಿದರು: “ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಯಾವಾಗ ಇರುತ್ತೆ, ಎಷ್ಟು ವೋಲ್ಟೇಜ್ ಇರುತ್ತೆ, ಹೇಳು ನೋಡೋಣ.” ಸಾವಿರಕ್ಕೂ ಹೆಚ್ಚು ವ್ಯಾಟ್ ಎಳೆಯುವ ಯಂತ್ರವನ್ನು ಮನೆಯ ಸಣ್ಣ ಇನ್ವರ್ಟರ್ ತಾಳಲಾರದು. ಕೆಟ್ಟರೆ ಬಿಚ್ಚಿ ನೋಡುವವರು ಮೂಡಿಗೆರೆಯಲ್ಲಿ ಇರಲಿಲ್ಲ. ಬಯಲುಸೀಮೆಯ ಕೊಳವೆಬಾವಿಯ ಗಡಸುನೀರು ಬಾಯ್ಲರಿನೊಳಗೆ ಸುಣ್ಣದ ಹೊರೆ ಕಟ್ಟಿಸುತ್ತದೆ. ಆ ತೊಂದರೆ ಮಾತ್ರ ಇಲ್ಲಿನ ಬಾವಿನೀರಿಗೆ ಅಷ್ಟಾಗಿ ಇರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬೀಸುವ ಯಂತ್ರ ಎಂಬುದು ಮನೆಯವರಿಗೆ ತಡವಾಗಿ ತಿಳಿಯಿತು. ಮಿಕ್ಸಿಯ ಅಲಗು ಬೀಜವನ್ನು ಒಡೆಯುತ್ತದೆಯೇ ಹೊರತು ಬೀಸುವುದಿಲ್ಲ. ಒಂದಿಷ್ಟು ಹಿಟ್ಟು, ಒಂದಿಷ್ಟು ನುಚ್ಚು ಆಗುತ್ತದೆ. ಒತ್ತಡದ ನೀರು ನುಚ್ಚಿರುವ ಕಡೆಯಿಂದ ನುಸುಳಿಬಿಡುತ್ತದೆ. ಬೀಸುವ ಕಲ್ಲಿನಂತೆ ಎರಡು ಉಕ್ಕಿನ ಹಲ್ಲುಚಕ್ರಗಳ ನಡುವೆ ಅರೆಯುವ ಗ್ರೈಂಡರ್ ಇಲ್ಲದೆ ಎಷ್ಟು ಬೆಲೆಯ ಎಸ್ಪ್ರೆಸೊ ಯಂತ್ರ ತಂದರೂ ವ್ಯರ್ಥ. ಪೇಟೆಯ ಚಿಕೋರಿ ಪುಡಿಯಂತೂ ಇದಕ್ಕೆ ಸಲ್ಲದು. ಚಿಕೋರಿ ನೀರಿನಲ್ಲಿ ಮೆತ್ತಗಾಗಿ ಜಾಲರಿಗೆ ಅಂಟಿಕೊಳ್ಳುತ್ತದೆ.

ಈ ಹಂತದಲ್ಲಿ ಮನೆಯಾಕೆಯ ತಮ್ಮ ಒಂದು ಮಾತು ಹೇಳಿದರು. ಅವರು ಹಿಂದೆ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕೆಲಸ ಮಾಡಿದವರು. “ಭಾವ, ಕಾಫಿ ರುಚಿ ನೋಡೋಕೆ ಮೆಷಿನ್ ಯಾಕೆ? ಟೇಸ್ಟರ್‌ಗಳು ಬಟ್ಟಲಲ್ಲಿ ಪುಡಿ ಹಾಕಿ ಬಿಸಿನೀರು ಹೊಯ್ದು ಚಮಚದಲ್ಲಿ ಹೀರಿ ನೋಡ್ತಾರೆ, ಅಷ್ಟೇ.” ಇದು ನಿಜ. ಕಾಫಿಯ ಗುಣಪರೀಕ್ಷೆಯ ಸರ್ವಮಾನ್ಯ ಕ್ರಮ ಅದೇ. ಒಂದು ಬೊಗಸೆ ಬೀಜವನ್ನು ಬಾಣಲೆಯಲ್ಲಿ ಹುರಿದು, ಆರಿಸಿ, ಪುಡಿಮಾಡಿ ಹಾಗೆಯೇ ನೋಡಿದರು. ಬಿಸಿನೀರು ಬಿದ್ದೊಡನೆ ಮೇಲೆದ್ದದ್ದು ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ. ಮಳೆಗೆ ಒಪ್ಪುವ ಆ ವಾಸನೆ ಕಾಫಿಗೆ ಒಪ್ಪುವುದಿಲ್ಲ. ಅದು ಮಣ್ಣಿನ ಕಣದಿಂದ ಬಂದದ್ದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಯಾಕೆ ಏನೂ ಹೇಳದೆ ಬಟ್ಟಲುಗಳನ್ನು ತೊಳೆಯಲು ಎತ್ತಿಕೊಂಡು ಹೋದರು.

ಅಲ್ಲಿಗೆ ಯಂತ್ರದ ಮಾತು ಮುಗಿಯಬೇಕಿತ್ತು. ಬೆಳೆಗಾರರ ಮನಸ್ಸಿನಲ್ಲಿ ಮಾತ್ರ ಅದು ಮುಗಿಯಲಿಲ್ಲ. ಬಟ್ಟಲು ದೋಷವನ್ನು ಹೇಳಿತ್ತು. ಆದರೆ ಇಟಲಿಯವರು ರೋಬಸ್ಟಾವನ್ನು ಕೊಳ್ಳುವುದು ದೋಷವಿಲ್ಲವೆಂದಷ್ಟೇ ಅಲ್ಲ. ಒತ್ತಡಕ್ಕೆ ಸಿಕ್ಕಾಗ ಅದು ಕೊಡುವ ದಟ್ಟ ಕ್ರೆಮಾ, ಬಾಯಿ ತುಂಬುವ ಗಟ್ಟಿತನ, ಅರೇಬಿಕಾದ ಸುಮಾರು ಇಮ್ಮಡಿ ಕೆಫೀನು ಇವಕ್ಕಾಗಿ. ಆ ಗುಣ ತಮ್ಮ ಬೀಜದಲ್ಲಿ ಉಂಟೋ ಇಲ್ಲವೋ ಎಂಬುದು ಬಟ್ಟಲಿನಿಂದ ಗೊತ್ತಾಗುವಂತಿರಲಿಲ್ಲ. ಗುಣವೇ ಇಲ್ಲವಾದರೆ ಕಣಕ್ಕೆ ಹಾಕುವ ಸಿಮೆಂಟು ಕೇವಲ ಔಟ್‌ಟರ್ನ್ ವ್ಯಾಪಾರಕ್ಕೆ. ಇದ್ದರೆ ಅದೇ ಸಿಮೆಂಟಿಗೆ ಬೇರೆಯ ಅರ್ಥ.

ಕೊನೆಗೆ ತರಿಸಿದ್ದು ವಿದ್ಯುತ್ತು ಬೇಡದ, ಕೈಯಿಂದ ಒತ್ತುವ ಸಣ್ಣ ಲಿವರ್ ಯಂತ್ರ, ಒತ್ತಡ ತೋರಿಸುವ ಮುಳ್ಳು ಇರುವಂಥದು. ಜೊತೆಗೊಂದು ಕೈಯಿಂದ ತಿರುಗಿಸುವ ಗ್ರೈಂಡರ್. ಎರಡಕ್ಕೂ ಕೂಡಿ ಕಣದ ಹಣದಲ್ಲಿ ಅರ್ಧದಷ್ಟು ವೆಚ್ಚವಾಯಿತು. ಮೊದಲ ಬಟ್ಟಲು ಹತ್ತು ಸೆಕೆಂಡಿನಲ್ಲಿ ಹರಿದು ನೀರಾಯಿತು. ಇನ್ನೂ ನುಣ್ಣಗೆ ಬೀಸಿದಾಗ ತೋಳಿನ ಬಲವೆಲ್ಲ ಹಾಕಿದರೂ ಹನಿ ಇಳಿಯಲಿಲ್ಲ. ಹುರಿದ ದಿನವೇ ಮಾಡಿದರೆ ನೊರೆ ಗುಳ್ಳೆಗುಳ್ಳೆಯಾಗಿ ಒಡೆಯುತ್ತದೆ, ಬೀಜದೊಳಗಿನ ಅನಿಲ ಹೊರಹೋಗಲು ಐದಾರು ದಿನ ಬಿಡಬೇಕು ಎಂಬುದೂ ತಿಳಿಯಿತು. ನೀರು ಕುದಿದೊಡನೆ ಹಾಕದೆ ಕೊಂಚ ಆರಲು ಬಿಟ್ಟರೆ ರೋಬಸ್ಟಾದ ಕಹಿ ತಗ್ಗುತ್ತದೆ ಎಂಬುದನ್ನು ಮನೆಯಾಕೆಯೇ ಕಂಡುಹಿಡಿದರು. ಫಿಲ್ಟರಿನ ಅನುಭವ ಇಲ್ಲಿ ಕೆಲಸಕ್ಕೆ ಬಂತು. ಎರಡು ವಾರಗಳ ಬಳಿಕ ಒಂದು ಬೆಳಿಗ್ಗೆ ಮುಳ್ಳು ಒಂಬತ್ತರಲ್ಲಿ ನಿಂತು, ಜೇನಿನಂತೆ ಎಳೆಯಾಗಿ ಕಾಫಿ ಇಳಿಯಿತು. ಅದರ ಮೇಲೆ ಬೆರಳಗಲದ ಕಂದು ನೊರೆ. ಹಾಕಿದ ಸಕ್ಕರೆ ಕ್ಷಣಕಾಲ ನೊರೆಯ ಮೇಲೆ ನಿಂತು ಆಮೇಲೆ ಮುಳುಗಿತು. ಮಣ್ಣಿನ ವಾಸನೆ ಇನ್ನೂ ಇತ್ತು; ಅದರ ಕೆಳಗೆ, ಹುರಿದ ಕಡಲೆಯ, ಕಪ್ಪು ಬೆಲ್ಲದ ರುಚಿಯೂ ಇತ್ತು.

ಉಳಿದ ಹಣದಲ್ಲಿ ಅರ್ಧ ಕಣಕ್ಕೆ ಸಿಮೆಂಟು ಬಿತ್ತು. ಮುಂದಿನ ಫಸಲಿನಲ್ಲಿ ಗಿಡವನ್ನು ಒಮ್ಮೆಗೇ ಸವರಿ ಕೊಯ್ಯುವ ಬದಲು, ಒಂದು ಎಕರೆಯಲ್ಲಿ ಕೆಂಪಗೆ ಹಣ್ಣಾದದ್ದನ್ನು ಮಾತ್ರ ಆರಿಸಿ ಎರಡು ಸಲ ಕೊಯ್ದರು. ಕೂಲಿ ಹೆಚ್ಚಾಯಿತು. ಆ ಹಣ್ಣನ್ನು ಸಿಮೆಂಟಿನ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ನಾಲ್ಕೈದು ಬಾರಿ ಕೈಯಾಡಿಸಿ, ಸಂಜೆ ಮುಚ್ಚಿ ಒಣಗಿಸಿದರು. ಮಿಕ್ಕದ್ದು ಎಂದಿನಂತೆ ಮಣ್ಣಿನ ಕಣದಲ್ಲಿ ಒಣಗಿತು. ಎರಡನ್ನೂ ಬೇರೆಬೇರೆಯಾಗಿ ಹುರಿದು ಒತ್ತಿ ಎರಡು ಬಟ್ಟಲು ಮುಂದಿಟ್ಟಾಗ, ಯಾವುದು ಯಾವುದೆಂದು ತಿಳಿಸದಿದ್ದರೂ ಮನೆಯಾಕೆ ಒಂದನ್ನು ಪಕ್ಕಕ್ಕೆ ಸರಿಸಿ ಇನ್ನೊಂದನ್ನು ಕುಡಿದು ಮುಗಿಸಿದರು. “ಇದು ನಮ್ಮ ತೋಟದ್ದಾ?” ಎಂಬುದು ಆಕೆಯ ಪ್ರಶ್ನೆ.

ವ್ಯಾಪಾರಿ ಎರಡಕ್ಕೂ ಒಂದೇ ಬೆಲೆ ಹೇಳಿದನು. ಅವನ ತಕ್ಕಡಿ ತೂಗುವುದು ಬೀಜವನ್ನು. ಅದರಲ್ಲಿ ಅವನ ತಪ್ಪಿಲ್ಲ. ಆರಿಸಿ ಕೊಯ್ದ ಮೂರು ಮೂಟೆಗಳನ್ನು ಬೆಳೆಗಾರರು ಮಾರದೆ ಅಟ್ಟದಲ್ಲಿ ಇಟ್ಟಿದ್ದಾರೆ. ಮಗ ಬೆಂಗಳೂರಿನಲ್ಲಿ ಕಾಫಿ ಹುರಿಯುವ ಸಣ್ಣ ಘಟಕಗಳೆರಡಕ್ಕೆ ಮಾದರಿ ಕೊಟ್ಟು ಬಂದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಮನೆಯಲ್ಲಿ ಈಗಲೂ ದಿನಕ್ಕೆ ಮೂರು ಬಾರಿ ಫಿಲ್ಟರ್ ಕಾಫಿಯೇ ಆಗುತ್ತದೆ. ನಾಲ್ಕನೆಯದು, ಮಧ್ಯಾಹ್ನದ ಊಟವಾದ ಮೇಲಿನದು ಮಾತ್ರ, ಲಿವರ್ ಯಂತ್ರದ್ದು. ಹಾಲಿಲ್ಲದೆ, ಸಣ್ಣ ಬಟ್ಟಲಿನಲ್ಲಿ, ಇಬ್ಬರಿಗೆ. ಕಣದ ಉಳಿದರ್ಧಕ್ಕೆ ಬೇಕಾದ ಜಲ್ಲಿಯನ್ನು ಮನೆಯಾಕೆ ಆಗಲೇ ತರಿಸಿ ಅಂಗಳದ ಮೂಲೆಯಲ್ಲಿ ಸುರಿಸಿದ್ದಾರೆ.